ಟ್ಯಾಂಕು, ಪೈಪಿನ ಲೋಳೆ ತೆಗೆಯುವುದು ಹೇಗೆ?

ನಲ್ಲಿಯ ಬಾಯಿಗೆ ಬೆರಳು ತೂರಿಸಿ ಒಳಮೈ ಸವರಿ ನೋಡಿ. ಜಾರುತ್ತಿದ್ದರೆ ಅದು ಬಯೋಫಿಲ್ಮ್: ಬ್ಯಾಕ್ಟೀರಿಯಾಗಳು ತಾವೇ ಸ್ರವಿಸಿದ ಅಂಟಿನಲ್ಲಿ ಹುದುಗಿ ಕಟ್ಟಿಕೊಂಡ ಪದರ. ಬಹುಪಾಲು ನಿರುಪದ್ರವಿಗಳೇ. ಆದರೆ ರೋಗಾಣುಗಳೂ ಅಲ್ಲಿ ಅಡಗುತ್ತವೆ. ನೀರಿನಲ್ಲಿರುವ ಕ್ಲೋರಿನ್ ಈ ಅಂಟಿನ ಮೇಲೇ ಖರ್ಚಾಗಿ, ಒಳಗಿನವು ಬದುಕಿಕೊಳ್ಳುತ್ತವೆ. ಹಾಗಾಗಿ ಕೊಳೆ ಟ್ಯಾಂಕಿಗೆ ಒಂದು ಹಿಡಿ ಬ್ಲೀಚಿಂಗ್ ಪುಡಿ ಎರಚಿ ಸುಮ್ಮನಾಗುವ ರೂಢಿ ಬರೀ ದಂಡ.

1. ಟ್ಯಾಂಕು ಬರಿದು ಮಾಡಿ ಗೋಡೆ, ತಳ, ಮುಚ್ಚಳದ ಒಳಬದಿಯನ್ನು ಬ್ರಷ್‌ನಿಂದ ಉಜ್ಜಿ. ಕೆಸರನ್ನು ತಳದ ವಾಲ್ವ್‌ನಿಂದ ಹೊರಬಿಡಿ, ಮನೆಯ ಪೈಪಿಗೆ ಇಳಿಯದಿರಲಿ. ಆಳದ ಸಂಪಿಗೆ ನೀವು ಇಳಿಯಬೇಡಿ. ಒಳಗೆ ಗಾಳಿಯ ಕೊರತೆಯಿಂದ ಜೀವ ಹೋದದ್ದುಂಟು. ಸಲಕರಣೆ ಇರುವವರನ್ನು ಕರೆಸಿ.

2. ಆರ್‌ಒ ಯಂತ್ರ ಮತ್ತು ಸೋಲಾರ್‌ಗೆ ಹೋಗುವ ವಾಲ್ವ್ ಮುಚ್ಚಿ. ಕ್ಲೋರಿನ್ ಆರ್‌ಒ ಪೊರೆಯನ್ನು ಹಾಳುಮಾಡುತ್ತದೆ.

3. ಹೊಸ ಬ್ಲೀಚಿಂಗ್ ಪುಡಿಯಲ್ಲಿ ಸುಮಾರು ಮೂರನೇ ಒಂದು ಪಾಲು ಕ್ಲೋರಿನ್ ಇರುತ್ತದೆ. 1000 ಲೀಟರ್‌ಗೆ 150 ಗ್ರಾಂ ಹಾಕಿದರೆ ಲೀಟರ್‌ಗೆ 50 ಮಿಲಿಗ್ರಾಂ ಆಯಿತು. ವರ್ಷಗಟ್ಟಲೆ ಬಾಯಿ ತೆರೆದಿಟ್ಟ ಪುಡಿ ಪ್ರಯೋಜನವಿಲ್ಲ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿನೀರನ್ನಷ್ಟೇ ಟ್ಯಾಂಕಿಗೆ ಸುರಿದು ತುಂಬಿಸಿ. ಇದರ ಜೊತೆ ಆ್ಯಸಿಡ್ ಬೆರೆಸಲೇಬೇಡಿ, ವಿಷಾನಿಲ ಏಳುತ್ತದೆ.

4. ಪ್ರತಿ ನಲ್ಲಿಯನ್ನೂ ಕ್ಲೋರಿನ್ ವಾಸನೆ ಬರುವವರೆಗೆ ತೆರೆದು ಮುಚ್ಚಿ. ಸಾಧ್ಯವಾದರೆ 24 ಗಂಟೆ, ಇಲ್ಲವೇ ಇಡೀ ರಾತ್ರಿ ಬಿಡಿ. ಆ ನೀರನ್ನು ಕುಡಿಯಬೇಡಿ, ಗಿಡಕ್ಕೂ ಹಾಕಬೇಡಿ. ಆಮೇಲೆ ಖಾಲಿ ಮಾಡಿ, ವಾಸನೆ ಹೋಗುವಷ್ಟು ಹೊಸ ನೀರು ಹರಿಸಿ.

5. ನಲ್ಲಿ ತುದಿಯ ಜಾಲರಿಯನ್ನು ಬಿಚ್ಚಿ ತೊಳೆಯಿರಿ. ಜನ ಮರೆಯುವುದು ಇದನ್ನೇ.

ಬೀದಿಯ ಪೈಪು ಮಾತ್ರ ನಮ್ಮ ಕೈಯಲ್ಲಿಲ್ಲ. ದಿನ ಬಿಟ್ಟು ದಿನ ನೀರು ಬರುವ ಕಡೆ ಪೈಪು ಬರಿದಾಗಿ, ಮತ್ತೆ ನೀರು ನುಗ್ಗಿದಾಗ ಗೋಡೆಯ ಲೋಳೆ ಕಿತ್ತು ಬರುತ್ತದೆ. ಹುಬ್ಬಳ್ಳಿ–ಧಾರವಾಡದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಮಾಡಿದ ಅಧ್ಯಯನದಲ್ಲೂ, ನೀರು ಬಿಟ್ಟ ಆರಂಭದಲ್ಲಿ ಕದಡು, ಬ್ಯಾಕ್ಟೀರಿಯಾ ಎರಡೂ ಹೆಚ್ಚಿದ್ದವು. ಆದ್ದರಿಂದ ಮೊದಲು ಬಂದ ನೀರನ್ನು ಸಂಪಿಗೆ ಬಿಡದೆ ಅಂಗಳ ತೊಳೆಯಲು ಹಿಡಿಯಿರಿ.

ಬೀದಿಯಿಂದ ನೇರ ಬರುವ ನೀರನ್ನು ಕ್ಲೋರೋಸ್ಕೋಪ್‌ನಲ್ಲಿ (ನೀರಿಗೆ ದ್ರಾವಣ ಹನಿಸಿ, ಏಳುವ ಹಳದಿ ಬಣ್ಣದಿಂದ ಕ್ಲೋರಿನ್ ಅಳೆಯುವ ಪುಟ್ಟ ಕಿಟ್) ಪರೀಕ್ಷಿಸಿ. ಲೀಟರ್‌ಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಹಳದಿ ಬಣ್ಣವೇ ಬಾರದಿದ್ದರೆ ನೀರುಗಂಟಿಗೆ ಹೇಳಿ, ಲಿಖಿತ ದೂರನ್ನೂ ಕೊಡಿ.