ಲೇಬಲ್ ಪ್ರಿಂಟರ್ ಒಂದು ಬಿಟ್ಟು ಒಂದು ಖಾಲಿ ಬಿಡುತ್ತಿತ್ತು

ನಮ್ಮದು ಚಟ್ನಿಪುಡಿ, ಹಪ್ಪಳದ ಸಣ್ಣ ವ್ಯಾಪಾರ. ಪ್ಯಾಕೆಟ್‌ಗೆ 50×25 ಮಿ.ಮೀ. ಲೇಬಲ್ ಹೊಡೆಯುವ ಪುಟ್ಟ ಥರ್ಮಲ್ ಪ್ರಿಂಟರ್ ಇದೆ, ಅಂದರೆ ಇಂಕ್ ಇಲ್ಲದೆ ಬಿಸಿಯಿಂದಲೇ ಕಾಗದದ ಮೇಲೆ ಅಕ್ಷರ ಮೂಡಿಸುವಂಥದ್ದು. ಹೊಸ ರೋಲ್ ಹಾಕಿದ ಮೇಲೆ ಒಂದು ಲೇಬಲ್ ಬಂದರೆ ಮುಂದಿನದು ಖಾಲಿ. ಬಾರ್‌ಕೋಡ್ ಎರಡು ಲೇಬಲ್ ನಡುವಿನ ಸಂದಿಗೆ ಬೀಳುತ್ತಿತ್ತು.

ಪ್ರಿಂಟರ್ ಕೆಟ್ಟಿರಲಿಲ್ಲ. ಒಳಗಿನ ಸೆನ್ಸರ್ ಕಾಗದದ ಮೂಲಕ ಬೆಳಕು ಹಾಯಿಸಿ ಸಂದಿ ಹುಡುಕುತ್ತದೆ. ಹೊಸ ರೋಲ್‌ನ ಹಿಂಬದಿ ಕಾಗದ ದಪ್ಪ, ಹಾಗಾಗಿ ಹಳೆಯ ಲೆಕ್ಕ ತಪ್ಪಿತ್ತು. ಆಫ್ ಮಾಡಿ, ಫೀಡ್ ಬಟನ್ ಒತ್ತಿ ಹಿಡಿದೇ ಆನ್ ಮಾಡಿದೆ. ಕೆಲವು ಖಾಲಿ ಲೇಬಲ್ ಸರಸರ ಹೊರಬಂದು ನಿಂತವು. ಅದೇ ಕ್ಯಾಲಿಬ್ರೇಶನ್, ಅಂದರೆ ಸೆನ್ಸರ್ ಹೊಸ ಕಾಗದಕ್ಕೆ ಲೆಕ್ಕ ಸರಿಮಾಡಿಕೊಳ್ಳುವುದು. ಬೇರೆ ಮಾಡೆಲ್‌ಗಳಲ್ಲಿ ಬಟನ್ ಒತ್ತುವ ಕ್ರಮ ಬೇರೆ ಇರುತ್ತದೆ, ಮ್ಯಾನ್ಯುಯಲ್ ನೋಡಿ. ಆಮೇಲೆ ಪ್ರಿಂಟರ್ ನಡೆಸುವ ಸಾಫ್ಟ್‌ವೇರ್ ಆದ ಡ್ರೈವರ್‌ನಲ್ಲಿ ಅಳತೆ ಸರಿ ಇದೆಯಾ ನೋಡಿಕೊಂಡು, ಪೇಪರ್ ಬಗೆ 'ಗ್ಯಾಪ್' (ನಡುವೆ ಸಂದಿ ಇರುವ ಲೇಬಲ್) ಅಂತ ಇಟ್ಟೆ.

ಬಾರ್‌ಕೋಡ್ ಮೇಲೆ ಉದ್ದಕ್ಕೂ ಒಂದು ಬಿಳಿ ಗೆರೆಯೂ ಇತ್ತು. ಅದಕ್ಕೆ ಕಾರಣ ಅಕ್ಷರ ಮೂಡಿಸುವ ಬಿಸಿ ಭಾಗ, ಅಂದರೆ ಹೆಡ್ ಮೇಲೆ ಕೂತಿದ್ದ ಅಂಟು. ತಣ್ಣಗಾದ ಮೇಲೆ ಹತ್ತಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿದೆ, ಹೋಯ್ತು.

ಇಂಕ್ ಬೇಡ ಅನ್ನೋದು ದೊಡ್ಡ ಸುಖ, ನಿಜ. ಆದರೆ ಉಪ್ಪಿನಕಾಯಿ ಬಾಟಲಿಗೆ ಮಾತ್ರ ಈ ಲೇಬಲ್ ಅಂಟಿಸಲ್ಲ. ಎಣ್ಣೆ ತಾಗಿದರೆ, ಬಿಸಿಲಿಗಿಟ್ಟರೆ ಅಕ್ಷರ ಮಾಸುತ್ತೆ.