‘ಅತಿವೇಗ’ ಅಂತ ಬರೆದರೆ ಸಾಲದು

ಮನೆಯವರೊಬ್ಬರು ರಸ್ತೆ ಅಪಘಾತದಲ್ಲಿ ಜೀವ ಬಿಟ್ಟಾಗ ಕೂತು ದೂರು ಬರೆಯುವ ಸ್ಥಿತಿ ಯಾರಿಗೂ ಇರುವುದಿಲ್ಲ. ಠಾಣೆ ಪಕ್ಕದ ಡಿಟಿಪಿ ಅಂಗಡಿಯವನು ಕೊಟ್ಟ ಕಾಗದಕ್ಕೆ ಸಹಿ ಹಾಕಿ ಬರುತ್ತಾರೆ. ಸಿಂಧನೂರು, ಗಂಗಾವತಿ ಕಡೆ ಇಂಥವು ಎಷ್ಟೋ ನೋಡಿದ್ದೇನೆ. ಹೆಸರು, ಗಾಡಿ ನಂಬರ್ ಬಿಟ್ಟರೆ ಎಲ್ಲದರಲ್ಲೂ ಒಂದೇ ಸಾಲು: ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿ ಡಿಕ್ಕಿ ಹೊಡೆದು...’

ಅಪಘಾತವಾದರೆ ಮೊದಲು 112ಕ್ಕೆ ಫೋನ್, ಆಸ್ಪತ್ರೆ. ಜೀವ ಹೋಗಿದೆ ಅಂತ ನೀವೇ ತೀರ್ಮಾನ ಮಾಡಬೇಡಿ.

ಎರಡನೆಯದು ಫೋಟೊ. ಗಾಡಿ ಸರಿಸುವ ಮೊದಲೇ ತೆಗೆಯಿರಿ. ದೀಪವಿಲ್ಲದ ಟ್ರ್ಯಾಕ್ಟರ್ ಟ್ರಾಲಿಗೆ ಬೆಳಗಾಗುವಷ್ಟರಲ್ಲಿ ಹೊಸ ರೇಡಿಯಂ, ಅಂದರೆ ಬೆಳಕಿಗೆ ಹೊಳೆಯುವ ಸ್ಟಿಕ್ಕರ್, ಬಂದಿರುತ್ತದೆ. ಒಮ್ಮೆ ಅದರ ಹಿಂಬದಿಯ ಕಾಗದ ಗಾಲಿ ಹತ್ತಿರವೇ ಬಿದ್ದಿತ್ತು!

ಇನ್ನು ದೂರು. ಜನ ಜಾಸ್ತಿ ಎಡವುವುದು ಇಲ್ಲೇ. 1998ರಲ್ಲಿ ಕರ್ನಾಟಕದ್ದೇ ಒಂದು ಲಾರಿ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಗಾಡಿ ಜೋರಾಗಿತ್ತು ಅಂದಮಾತ್ರಕ್ಕೆ ನಿರ್ಲಕ್ಷ್ಯ ಸಾಬೀತಾಗದು ಎಂದಿತು. ಡ್ರೈವರ್ ಬಿಡುಗಡೆಯಾದ. ಹಾಗಾಗಿ ಕಂಡದ್ದನ್ನು ಬರೆಸಿ. ಭತ್ತ ತುಂಬಿದ ಟ್ರಾಲಿ ರಾತ್ರಿ ಡಾಂಬರಿನ ಮೇಲೇ ನಿಂತಿತ್ತು, ಬೈಕ್ ಹಿಂದಿನಿಂದ ಬಂದು ಗುದ್ದಿತು ಅಂದುಕೊಳ್ಳಿ. ನಿಂತ ಗಾಡಿಗೆ ಅತಿವೇಗ ಎಲ್ಲಿಂದ ಬಂತು? ಹಿಂದೆ ಕೆಂಪು ದೀಪ ಇತ್ತೇ, ಗಾಲಿ ರಸ್ತೆ ಅಂಚಿನ ಬಿಳಿ ಗೆರೆಯಿಂದ ಎಷ್ಟು ಅಡಿ ಒಳಗಿತ್ತು, ಮಣ್ಣಿನ ಬದಿಗೆ ಇಳಿಸಲು ಜಾಗ ಇತ್ತೇ, ಇದನ್ನೆಲ್ಲ ಬರೆಸಿ. ನೀವು ನೋಡಿಲ್ಲವೆಂದರೆ ನೋಡಿದವರ ಹೆಸರು ಹಾಕಿಸಿ, ಕಣ್ಣಾರೆ ಕಂಡೆ ಅಂತ ಸುಮ್ನೆ ಸೇರಿಸಬೇಡಿ. ಕೋರ್ಟಿನಲ್ಲಿ ಎದುರು ವಕೀಲರ ಪಾಟೀಸವಾಲು ಶುರುವಾದಾಗ ಕೇಸ್ ಬೀಳಲು ಆ ಒಂದು ಸುಳ್ಳೇ ಸಾಕು.

ಪೊಲೀಸರು ಅಪಘಾತದ ಜಾಗ ನೋಡಿ ಬರೆಯುವ ಸ್ಥಳ ಪಂಚನಾಮೆಗೆ ಮನೆಯವರೊಬ್ಬರು ಹೋಗಲೇಬೇಕು. ಟೈರಿನ ಗುರುತು, ಗಾಜಿನ ಚೂರು ಯಾವ ಬದಿಗಿವೆಯೋ ನಕ್ಷೆಯಲ್ಲೂ ಅದೇ ಬದಿಗೆ ಬಂತಾ ನೋಡಿ. ಡ್ರೈವರ್ ಕುಡಿದಿದ್ದ ಅನ್ನಿಸಿದರೆ ರಕ್ತ ಪರೀಕ್ಷೆಯನ್ನು ಆಗಲೇ ಕೇಳಿ, ನಾಳೆ ಕೇಳಿ ಉಪಯೋಗವಿಲ್ಲ.

ಕಲಂ ಸಾಮಾನ್ಯವಾಗಿ ಭಾರತೀಯ ನ್ಯಾಯ ಸಂಹಿತೆಯ 106(1). ಹಳೆಯ ಭಾರತೀಯ ದಂಡ ಸಂಹಿತೆಯ 304ಎ ಕಲಮಿನಲ್ಲಿ 2 ವರ್ಷದವರೆಗೆ ಇದ್ದ ಜೈಲು ಈಗ 5 ವರ್ಷದವರೆಗೆ, ಜೊತೆಗೆ ದಂಡ. ಆದರೂ ಜಾಮೀನು ಸಿಗುವ ಅಪರಾಧವೇ. ಡ್ರೈವರ್ ಸಂಜೆಗೇ ಮನೆಗೆ ಹೋದ ಅಂದರೆ ಪೊಲೀಸರು ದುಡ್ಡು ತಿಂದರು ಅಂತ ಅಲ್ಲ. ಓಡಿಹೋದರೆ 10 ವರ್ಷ ಅಂತ ವಾಟ್ಸ್ಯಾಪಿನಲ್ಲಿ ಓಡಾಡುತ್ತದಲ್ಲ, ಆ 106(2)ನ್ನು 2024ರ ಜುಲೈ 1ರಂದು ಸಂಹಿತೆ ಜಾರಿಯಾದಾಗ ಹೊರಗಿಟ್ಟರು. ಲಾರಿಯವರು ಮುಷ್ಕರ ಹೂಡಿದ್ದು ಆ 106(2)ರ ವಿರುದ್ಧವೇ.

ಕಟ್ಟೆ ಮೇಲೆ ಹಿರಿಯರನ್ನು ಕೂರಿಸಿ, ಬಾಂಡ್ ಪೇಪರಿನಲ್ಲಿ ರಾಜಿ ಬರೆದರೆ ಈ ಕೇಸ್ ಮುಗಿಯುವುದಿಲ್ಲ. ಪರಿಹಾರದ ಅರ್ಜಿ ಬೇರೆ, ಅದನ್ನು ಆರು ತಿಂಗಳೊಳಗೆ ಹಾಕಿಬಿಡಿ. ಅದಕ್ಕೆ ಎಫ್‌ಐಆರ್ ಪ್ರತಿ ಬೇಕು. ದೂರು ಕೊಟ್ಟವರಿಗೆ ಅದನ್ನು ಪುಕ್ಕಟೆ ಕೊಡಬೇಕು, ಝೆರಾಕ್ಸ್ ದುಡ್ಡೂ ಕೊಡಬೇಕಾಗಿಲ್ಲ.