ಬೆಂದ್ರ್ ತೀರ್ಥಕ್ಕೆ ಹೋಗುವವರಿಗೆ ಒಂದು ಸಲಹೆ
ಪುತ್ತೂರಿನ ಇರ್ದೆಯಲ್ಲಿರುವ ಬಿಸಿನೀರಿನ ಬುಗ್ಗೆ ಬೆಂದ್ರ್ ತೀರ್ಥಕ್ಕೆ ಹೋದರೆ ಮೊದಲು ಪಕ್ಕದ ಹೊಳೆಯಲ್ಲಿ ಒಂದೆರಡು ನಿಮಿಷ ಕಾಲು ಇಳಿಬಿಡಿ, ಆಮೇಲೆ ತೀರ್ಥದ ನೀರು ಮುಟ್ಟಿ. ಈ ನೀರು ಕುದಿಯುವುದಿಲ್ಲ, ಚಿಮ್ಮುವುದೂ ಇಲ್ಲ. ಬಿಸಿ ಹೆಚ್ಚೆಂದರೆ 40 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಅಂದರೆ ಮೈ ಬಿಸಿಗಿಂತ ಸ್ವಲ್ಪವೇ ಜಾಸ್ತಿ. ನಮ್ಮ ಚರ್ಮಕ್ಕೆ ಹೆಚ್ಚಾಗಿ ಗೊತ್ತಾಗುವುದು ವ್ಯತ್ಯಾಸ ಅಲ್ವಾ, ಹಾಗಾಗಿ ತಣ್ಣೀರಿನಿಂದ ಬಂದ ಕಾಲಿಗೆ ಅದು ಒಳ್ಳೆ ಬಿಸಿ ಅನ್ನಿಸುತ್ತದೆ. ಮಂಗಳೂರಿನಿಂದ ನಿಧಾನಕ್ಕೆ ಹೊರಟು ಸುಡುಬಿಸಿಲಲ್ಲಿ ತಲುಪಿದವರು "ಇಷ್ಟೇನಾ?" ಅಂತ ವಾಪಸ್ ಬರುವುದು ಇದಕ್ಕೇ. ಡಿಸೆಂಬರ್, ಜನವರಿಯ ಬೆಳಿಗ್ಗೆ ಬೇಗ ಹೋದರೆ ಇನ್ನೂ ಚೆನ್ನ. ಮಳೆಗಾಲದಲ್ಲಿ ಮಾತ್ರ ಈ ಉಪಾಯ ನಡೆಯುವುದಿಲ್ಲ: ಮಳೆನೀರು ಸೇರಿ ಬಿಸಿ ತಗ್ಗುತ್ತದೆ, ತುಂಬಿದ ಹೊಳೆಗೆ ಇಳಿಯಲೂಬಾರದು. ಕಡು ಬೇಸಿಗೆಯಲ್ಲಿ ಹೊಳೆಯೇ ಸೊರಗಿರುತ್ತದೆ, ಆಗ ಬಾಟಲಿಯ ತಣ್ಣೀರನ್ನೇ ಕಾಲಿಗೆ ಸುರಿದುಕೊಳ್ಳಿ. ಇನ್ನೊಂದು, ಮಕ್ಕಳ ಬೆಳ್ಳಿ ಗೆಜ್ಜೆ, ಉಂಗುರ ಮನೆಯಲ್ಲೇ ಬಿಟ್ಟು ಬನ್ನಿ. ನೀರಿನಲ್ಲಿ ಗಂಧಕ ಇರುವುದರಿಂದ ಬೆಳ್ಳಿ ಕಪ್ಪಾಗುತ್ತದೆ. ಸೋಪು, ಶ್ಯಾಂಪೂ ದಯವಿಟ್ಟು ಬೇಡ, ಊರವರಿಗೆ ಅದು ತೀರ್ಥ.